ಮೂರು ತಿಂಗಳ ನೋಟಿಸು

ಬ್ರೆಮರ್‌ಹಾಫೆನ್. ಮೀನು ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ವೀಬ್ಕೆ ಅಡುಗೆಮನೆ ಮೇಜಿನ ಮೇಲೆ
ಬ್ಯಾಂಕಿನ ಹಾಳೆ ಹರವಿದ್ದಾಳೆ.
ಹೆರಿಂಗ್ ಸೀಳುವ ಕಣ್ಣಲ್ಲೇ ಹುಡುಕುತ್ತಾಳೆ: ಮುಳ್ಳೆಲ್ಲಿ?

ಇಪ್ಪತ್ನಾಲ್ಕು ಯೂರೋ, ಜಿಮ್ಮು.
ಹೋದದ್ದು ಎರಡೇ ಸಲ;
ಎರಡನೆಯದು, ಮರೆತ ಕೊಡೆ ತರಲು.
ಒಂಬತ್ತು, ಪೋರ್ಚುಗೀಸ್ ಪಾಠ.
'ಸೇಬು ಕೆಂಪಗಿದೆ' ಎಂಬಲ್ಲಿಗೆ ನಿಂತಿದೆ.
ಹದಿನೆಂಟು, ಫುಟ್‌ಬಾಲ್ ಚಾನೆಲ್ಲು.
ನೋಡುತ್ತಿದ್ದ ಹಾರ್ಮ್ ಈಗ ಬೇರೆಯವಳ ಸೋಫಾದಲ್ಲಿ,
ಪಾಸ್‌ವರ್ಡು ಮಾತ್ರ ಇನ್ನೂ ಇವಳದೇ.

ಗಟ್ಟಿಯಾಗಿ ನಕ್ಕಳು. ಕಾಫಿ ತುಳುಕಿತು.

ಬೆಳಗಾಗೆದ್ದು ಬೆವರುವ ಒಬ್ಬಳು,
ಲಿಸ್ಬನ್ ಸಂತೆಯಲ್ಲಿ ಮೀನಿಗೆ ಚೌಕಾಸಿ ಮಾಡುವ ಒಬ್ಬಳು,
ಗಂಡನ ಪಕ್ಕ ಕೂತು ಗೋಲಿಗೆ ಕೂಗುವ ಇನ್ನೊಬ್ಬಳು:
ತಾನಾಗದೇ ಹೋದ ಈ ಹೆಂಗಸರಿಗೆಲ್ಲ
ಇಷ್ಟು ವರ್ಷ ತಾನೇ ಬಾಡಿಗೆ ಕಟ್ಟಿದ್ದು.

ಮೂರು ಕಾಗದ ಬರೆದಳು. ಅಂಚೆಚೀಟಿಗೆ ಮತ್ತೆ ಖರ್ಚು.
'ಬಿಡಲು ಕಾರಣ?' ಎಂದಿತು ಜಿಮ್ಮಿನ ಫಾರಂ.
ದೂರವೇ, ದುಬಾರಿಯೇ, ಕಾಯಿಲೆಯೇ?
'ಇತರೆ'ಯ ಎದುರು ಬರೆದಳು:
ಕಾಯಬೇಡಿ, ಅವಳು ಬರುವುದಿಲ್ಲ.

ಅಡಿಯಲ್ಲಿ ಸಣ್ಣಕ್ಷರ: ನೋಟಿಸು ಮೂರು ತಿಂಗಳು.
ಅಲ್ಲಿವರೆಗೂ ದುಡ್ಡು ಸೋರುತ್ತಲೇ ಇರುತ್ತದೆ.

ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು
ಗೂಡಿನಿಂದ ಬೂಟು ತೆಗೆದು ಮೂಸಿದಳು,
ಇನ್ನೂ ಅಂಗಡಿಯ ವಾಸನೆ.
ಎಷ್ಟು ಗಂಟೆಗೆ ತೆರೆಯುತ್ತಾರೋ.