ಅಕ್ಷರಕ್ಕೆ ಮೂವತ್ತು ರೂಪಾಯಿ

ಕುಶಾಲನಗರದ ಈಚೆ, ತೇಗದ ತೋಪಿನೊಳಗೆ
ಅರಣ್ಯ ಇಲಾಖೆಯ ಹೊಸ ಪ್ರಾಣಿಮನೆ.
ಆನೆಯಿಲ್ಲ, ಹುಲಿಯಿಲ್ಲ. ಅವು ಬೇಲಿಯ ಹೊರಗೇ ಇವೆ,
ಟಿಕೆಟ್ಟು ಕೊಂಡು ನೋಡುವವರು ಯಾರು?
ಇಲ್ಲಿರುವುದು ಬರೀ ಅಜ್ಜಂದಿರು:
ಮನೆಯ ನಾಯಿಗೆ, ಬೆಕ್ಕಿಗೆ, ಕೋಳಿಗೆ, ಮೊಲಕ್ಕೆ
ಕಾಡಿನಲ್ಲಿ ಇದ್ದಾರೆನ್ನುವ ಹಳಬರು.
ಬೋರ್ಡು ಬರೆಯಲು ಸುಂಟಿಕೊಪ್ಪದಿಂದ ನನ್ನ ಕರೆಸಿದರು.
ಅಕ್ಷರಕ್ಕೆ ಮೂವತ್ತು. ಒತ್ತು, ದೀರ್ಘ ಎಲ್ಲ ಸೇರಿ.

ರೇಂಜರು ಚೀಟಿ ಕೊಟ್ಟರು: ನಾಯಿಯ ಪೂರ್ವಜ.
ಆರು ಅಕ್ಷರ, ನೂರೆಂಬತ್ತು.
ತಂತಿಯಾಚೆ ತೋಳ.
ಬಯಲುಸೀಮೆಯ ಕಲ್ಲುಗುಡ್ಡದಿಂದ ಲಾರಿಯಲ್ಲಿ ಬಂದದ್ದು,
ಕಾಫಿ ಹೂ ಬಿಟ್ಟ ವಾರ,
ಆ ಘಮಕ್ಕೆ ಸೀನಿ ಸೀನಿ
ಮೂಗನ್ನು ಮುಂಗಾಲಿಗೆ ಒರೆಸಿಕೊಳ್ಳುತ್ತಿತ್ತು.
ವಯಸ್ಸೆಷ್ಟು ಅಂದೆ. ಎರಡೂವರೆ ಅಂದರು.
ನಮ್ಮನೆಯ ಬೊಗ್ಗನಿಗೆ ಹನ್ನೊಂದು,
ಮೂತಿ ನೆರೆತಿದೆ, ಮೆಟ್ಟಿಲು ಕಂಡರೆ ಯೋಚಿಸುತ್ತಾನೆ.
ಅವನಿಗೆ ಈ ಹುಡುಗ ಅಜ್ಜ!
ನಕ್ಕೆ. ಕೈ ಅಲುಗಿ ಪೂ ಅಕ್ಷರದ ಕೊಂಬು
ಒಂದಿಂಚು ಬೆಳೆಯಿತು.
ಕೊಂಬಿಲ್ಲದ ಪ್ರಾಣಿಗೆ ಅಷ್ಟಾದರೂ ಇರಲಿ ಎಂದು ಬಿಟ್ಟೆ.

ಕೋಳಿಯ ಗೂಡಿನಲ್ಲಿ ಕೆಂಪು ಕಾಡುಹುಂಜ,
ಉತ್ತರದ ಯಾವುದೋ ಕಾಡಿನದು,
ರಟ್ಟಿನ ಪೆಟ್ಟಿಗೆಯಲ್ಲಿ ರೈಲು ಹತ್ತಿ ಬಂದವನು.
ಅವನು ಕೂಗಿದರೆ ತೋಟದ ಪೊದೆಯಿಂದ
ನಮ್ಮೂರ ಬೂದು ಕಾಡುಕೋಳಿ
ಬೋರ್ಡಿಲ್ಲದೆ, ಮೇವಿಲ್ಲದೆ,
ಒಡೆದ ದನಿಯಲ್ಲಿ ಉತ್ತರ ಕೊಡುತ್ತದೆ.

ಪಾರಿವಾಳದ ಗೂಡು ಖಾಲಿ.
ಬಂಡೆಯಿಂದ ಹಿಡಿದು ತಂದದ್ದು ಬಾಗಿಲು ತೆರೆದಾಗ ಹಾರಿ
ಟಿಕೆಟ್ ಕೌಂಟರಿನ ತಗಡಿನ ಮೇಲೆ
ಸಂತೆಯ ಪಾರಿವಾಳಗಳ ನಡುವೆ ಕೂತಿದೆ.
ಯಾರು ಅಜ್ಜ, ಯಾರು ಮೊಮ್ಮಗ,
ಹಿಕ್ಕೆ ನೋಡಿ ಹೇಳಲಾಗುವುದಿಲ್ಲ.
ಆದರೂ ಬರೆದೆ. ಪಾರಿವಾಳದ ಪೂರ್ವಜ. ಎಂಟು ಅಕ್ಷರ.

ಸಂಜೆ ಚಿಟ್ಟಿಯಪ್ಪ ಮಾಂಸದ ಬಕೆಟ್ಟು ತಂದ.
ತೋಳದ ಬಾಗಿಲ ಮುಂದೆ ಚಪ್ಪಲಿ ಬಿಟ್ಟ.
ಯಾಕೆ ಅಂದೆ. ನಾಚಿಕೊಂಡ.
"ಅಭ್ಯಾಸ. ನಮ್ಮ ಕೈಮಡದಲ್ಲಿ
ಕಾರಣನಿಗೆ ಕೊಡುವಾಗ ಹೀಗೇ.
ಎಲೆಯ ಮೇಲೆ ಕೋಳಿ, ಪಕ್ಕಕ್ಕೊಂದು ಗ್ಲಾಸು.
ಅಲ್ಲಿ ತಿನ್ನುವವರು ಕಾಣುವುದಿಲ್ಲ,
ಇಲ್ಲಿ ಮೂಳೆ ಮುರಿಯುವುದು ಕೇಳಿಸುತ್ತದೆ."
ತೋಳ ಮುಟ್ಟಲಿಲ್ಲ.
ಅವನು ಬೆನ್ನು ತಿರುಗಿಸುವ ತನಕ ಕಾಯಿತು,
ಎಡೆಯಿಟ್ಟ ಮನೆಯಲ್ಲಿ ಸ್ವಲ್ಪ ಹೊತ್ತು
ಬಾಗಿಲು ಹಾಕುತ್ತಾರಲ್ಲ, ಹಾಗೆ.

ಸೂಜಿಮದ್ದಿನ ಪೆಟ್ಟಿಗೆ ಹಿಡಿದು ಬಂದ ಡಾಕ್ಟರ್ ಪೂವಮ್ಮ
ಬೋರ್ಡು ಓದಿ ತಲೆ ಅಲ್ಲಾಡಿಸಿದರು.
"ತಪ್ಪು. ಅಜ್ಜ ಸತ್ತು ಎಷ್ಟೋ ಸಾವಿರ ವರ್ಷ.
ಅವನಿಗೆ ಇಬ್ಬರು ಮಕ್ಕಳು ಅಂತಿಟ್ಟುಕೊಳ್ಳಿ.
ಒಬ್ಬ ಬೆಂಕಿಯ ಹತ್ತಿರ ಬಂದ, ಎಲುಬಿಗೆ ಕೂತ.
ಇನ್ನೊಬ್ಬ ಬರಲಿಲ್ಲ.
ಇದು ಬಾರದವನ ಕಡೆ. ದಾಯಾದಿ."

ಬೆರಳು ಮಡಿಸಿದೆ. ಪೂರ್ವಜ, ಮೂರು. ದಾಯಾದಿ, ಮೂರು.
ಅದೇ ಜಾಗಕ್ಕೆ ಕೂರುತ್ತದೆ, ಟರ್ಪೆಂಟೈನು ನನ್ನದೇ.
ರೇಂಜರು ಒಪ್ಪಲಿಲ್ಲ: ಉದ್ಘಾಟನೆ ನಾಡಿದ್ದು,
ದಾಯಾದಿ ಎಂದು ಬರೆದರೆ ಜನ
ಜಮ್ಮಾ ಜಾಗದ ಕೇಸು ಅಂದುಕೊಳ್ಳುತ್ತಾರೆ.

ಕೊನೇ ಬಸ್ಸಿಗೆ ಮನೆ ಸೇರಿದೆ.
ಬೊಗ್ಗ ಎದ್ದು ಬಂದ, ಬಾಲ ಅರ್ಧ ಆಡಿಸಿ ನಿಲ್ಲಿಸಿದ.
ನನ್ನ ಪ್ಯಾಂಟಿನ ಮಂಡಿ ಮೂಸಿದ.
ತಂತಿಗೆ ಒರಗಿ ಕೂತು ಬರೆದ ಮಂಡಿ ಅದು.
ಇಡೀ ದಿನ ನಾನು ಬರೆದದ್ದು ಅವನಿಗೆ ಬೇಕಿರಲಿಲ್ಲ.
ಬಟ್ಟೆಯನ್ನು ಓದಿದ,
ಸಾಲು ಬಿಡದೆ, ಮತ್ತೆ ಮೊದಲಿಂದ.
ಬೆನ್ನ ಕೂದಲು ಎದ್ದಿತು. ಬೊಗಳಲಿಲ್ಲ.
ಅನ್ನ ಹಾಕಿದರೆ ಮುಖ ನೋಡಿದ,
ನಾನು ಒಳಗೆ ಹೋಗಲಿ ಎಂಬಂತೆ.

ಹೋದೆ. ಕಿಟಕಿಯಿಂದ ನೋಡಿದೆ.
ತಟ್ಟೆ ನೆಕ್ಕಿ, ಗೋಣಿಯ ಮೇಲೆ ಹೋಗಿ
ಒಂದು ಸುತ್ತು, ಎರಡು, ಮೂರು,
ಸಿಮೆಂಟು ಜಗಲಿಯಲ್ಲಿ
ಎತ್ತರದ ಹುಲ್ಲನ್ನು ತುಳಿದು ಮಲಗಿದ.