ಕೊನೆಯ ಡಬ್ಬಿ

ನಾಲ್ಕು ಡಬ್ಬಿ ಬರಬೇಕಿತ್ತು, ಬಂದದ್ದು ಮೂರು.
ಶನಿವಾರದ ರೈಲು ವೇಲ್ಸಿನ ಆ ತುದಿಯ ತನಕ
ಏದುಸಿರು ಬಿಡುತ್ತ ಹತ್ತಿ, ಇಳಿಸಿ, ಹೊರಟುಹೋಗಿತ್ತು.
ಅಪ್ಪ ಎರಡೆರಡು ಸಲ ಎಣಿಸಿದ.
ಎಣಿಸಿದರೆ ಹೆಚ್ಚಾಗುತ್ತವೆಯೇ?
ಹೊರಗೆ ಆಗಲೇ ಸಾಲು, ಬೆವರಿದ ಅಂಗೈಗಳಲ್ಲಿ ಆರಾರು ಪೆನ್ನಿ.
"ಬಿಡು ನೆಸ್ಟಾ, ನಡೆದಷ್ಟು ನಡೆಯಲಿ" ಎಂದು
ಮೊದಲ ಸುರುಳಿ ಏರಿಸಿದ.

ನಮ್ಮದು ಸ್ಲೇಟಿನ ಊರು.
ಮಾಡು ಸ್ಲೇಟು, ಮೆಟ್ಟಿಲು ಸ್ಲೇಟು, ಬೇಲಿ ಸ್ಲೇಟು,
ಸತ್ತಮೇಲೆ ತಲೆದೆಸೆಗೆ ನಿಲ್ಲುವುದೂ ಅದೇ.
ಗಂಡಸರು ಬೆಳಿಗ್ಗೆ ಗುಡ್ಡದ ಹೊಟ್ಟೆಗಿಳಿದು
ಸಂಜೆ ಬೂದಿಬಣ್ಣವಾಗಿ ಮರಳುತ್ತಿದ್ದರು.
ಯಾರ ಅಪ್ಪ ಯಾರೆಂದು ಕತ್ತಲಲ್ಲಿ
ಕೆಮ್ಮಿನಿಂದಲೇ ಗುರುತು.

ಅಂಥ ಊರಿನ ಗೋಡೆಯ ಮೇಲೆ
ಅವತ್ತು ಎಂಥ ಹಸಿರು ಬಿತ್ತು!
ಕುಂಚದಲ್ಲಿ ಬರೆದ ಕಾಡು, ಕುಂಚದಲ್ಲಿ ಬರೆದ ಹೊಳೆ,
ಲಾಯ ಗುಡಿಸುವ ಹುಡುಗ, ಅವನ ಜೇಬಿನಲ್ಲಿ
ಮಾತಿಗೊಂದು ಗಾದೆ ಹೇಳುವ ಮುಳ್ಳುಹಂದಿ.
ನಡುವೆ ಬಂಡೆ. ಬಂಡೆಯಲ್ಲಿ ಕತ್ತಿ.
ಕಿತ್ತವನೇ ದೊರೆ.
(ಈ ಕಥೆ ನಮ್ಮದೇ ಎನ್ನುತ್ತಿದ್ದರು ಚಾಪೆಲಿನ ಮುದುಕರು,
ಇಂಗ್ಲಿಷರು ಕದ್ದದ್ದಂತೆ, ಕುರಿ ಕದ್ದ ಹಾಗೆ.)

ಸರದಾರರು ಬಂದರು, ಮೀಸೆ ಹುರಿಮಾಡಿ ಎಳೆದರು.
ಕವಚ ಕಳಚಿತು, ಚಲ್ಲಣ ಜಾರಿತು,
ಕತ್ತಿ ಮಾತ್ರ ಮಿಸುಕಲಿಲ್ಲ.
ನಕ್ಕು ನಕ್ಕು ಎಲುನೆಡ್ ಬೆಂಚಿನಿಂದ ಬಿದ್ದಳು.

ಆಮೇಲೆ ಹುಡುಗ ಬಂದ.
ಕೈ ಚಾಚಿದ. ಬೆರಳು ನಾಲ್ಕೇ.
ಚಿತ್ರ ಬರೆದವರಿಗೆ ಅದು ಉಳಿತಾಯವಂತೆ.
ನಮಗಾರಿಗೂ ಆಶ್ಚರ್ಯವಾಗಲಿಲ್ಲ.
ಗೆಥಿನ್ ಅಜ್ಜನಿಗೂ ನಾಲ್ಕೇ.
ಹುಡುಗ ಎಲ್ಲೋ ಗಣಿಯಲ್ಲಿ ದುಡಿದವನೇ ಇರಬೇಕು,
ಅಂದುಕೊಂಡೆವು.
ಹಿಡಿಯ ಮೇಲೆ ಬೆರಳಿಟ್ಟ,

ಅಷ್ಟೆ. ಬಿಳಿ.
ಬರಿ ಬಿಳಿ, ಅದರಲ್ಲಿ ನಡುಗುವ ಒಂದು ಕೂದಲೆಳೆ.

ಕಿತ್ತಳೆ ಸಿಪ್ಪೆಗಳು ಹಾರಿದವು ಪರದೆಗೆ.
ಅಪ್ಪ ಕೆಳಗಿಳಿದು ಬಂದು ಟೊಪ್ಪಿ ತಿರುಗಿಸುತ್ತ ನಿಂತ,
ತಪ್ಪು ಅವನದೇ ಎಂಬಂತೆ.
"ಮುಂದೇನಾಯ್ತು?" ಹೆವಿನ್ ಅರಚಿದ,
ಮುಂದೆ ಏನಾದರೂ ಆಗಿಯೇ ಇರಬೇಕಲ್ಲ ಎಂಬ ಸಿಟ್ಟಿನಲ್ಲಿ.

ಹಿಂದಿನ ಸಾಲಿನಲ್ಲಿ ಅಜ್ಜ ಎದ್ದ.
ಐವತ್ತು ವರ್ಷ ಕಲ್ಲು ಸೀಳಿದ ಕೈಯನ್ನು
ಮುಂದಿನ ಬೆಂಚಿನ ಮೇಲೆ ಊರಿ ಹೇಳಿದ:
"ಎಳೆದರೆ ಬಾರದು ಮಕ್ಕಳೇ,
ಎಳೆ ಹಿಡಿದರೆ ಬಂದೀತು.
ಕಲ್ಲಿಗೂ ಒಂದು ಓಟವಿದೆ.
ಹುಡುಗ ಈಗ ಕಿವಿಯಿಟ್ಟು ಕೇಳುತ್ತಿದ್ದಾನೆ.
ಮನೆಗೆ ನಡೆಯಿರಿ."

ಸೋಮವಾರ ಇಡೀ ಶಾಲೆ ಗೋಡೆಗೆ ಕಿವಿಯಿಟ್ಟಿತ್ತು.
ಮಾಸ್ತರು ಎಷ್ಟು ಬೈದರೂ ಕೇಳಲಿಲ್ಲ.
ಹೆವಿನ್‌ನ ಕಥೆಯಲ್ಲಿ ಕತ್ತಿ ಎರಡು ತುಂಡಾಯಿತು,
ಎಲುನೆಡ್‌ಳ ಕಥೆಯಲ್ಲಿ ಹುಡುಗ ಅದನ್ನಲ್ಲೇ ಬಿಟ್ಟು
ಹಾಲು ಕರೆಯಲು ಹೋದ.

ಬುಧವಾರ ಡಬ್ಬಿ ಬಂತು,
ಯಾವುದೋ ಊರಿನ ಚೀಟಿ ಹೊತ್ತು, ಒದ್ದೆಯಾಗಿ.
ಖಾಲಿ ಹಾಲಿನಲ್ಲಿ ನಾವು ಮೂವರೇ.
ಅಪ್ಪ ಮೇಲೆ, ನಾನು ಅಜ್ಜ ಕೆಳಗೆ.
ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು ಕತ್ತಿ!
ತುತ್ತೂರಿ, ಬೆಳಕು, ಮಂಡಿಯೂರಿದ ಸರದಾರರು,
ದೊಡ್ಡದಾಗಿ ಕಿವಿಗಿಳಿದ ಕಿರೀಟ.
ನಾನು ಚಪ್ಪಾಳೆ ತಟ್ಟಿದೆ.

"ಧೂಳೇ ಬರಲಿಲ್ಲವಲ್ಲ" ಎಂದ ಅಜ್ಜ.

ಕಲ್ಲು ಬಾಯಿಬಿಟ್ಟರೆ ಮೊದಲು ಬರುವುದು ಧೂಳು,
ಬರೆದವರಿಗೆ ಯಾರೂ ಹೇಳಲಿಲ್ಲವೇನೋ,
ಎನ್ನುತ್ತ ಎನ್ನುತ್ತ ಕೆಮ್ಮು ಹತ್ತಿತು,
ಹತ್ತಿದ್ದು ಇಳಿಯಲಿಲ್ಲ.
ಬಾಗಿದ ಅವನ ಕೋಟಿನಿಂದ ಎದ್ದದ್ದು
ಮೇಲಿನ ಕಿಂಡಿಯಿಂದ ಬೀಳುವ ಬೆಳಕಿನ ಕೋಲಿಗೆ ಸಿಕ್ಕಿ
ಸಣ್ಣಗೆ ಹೊಳೆಯುತ್ತ
ಹೊಸ ದೊರೆಯ ಮುಖಕ್ಕೂ ನಮಗೂ ನಡುವೆ
ಸುತ್ತತೊಡಗಿತು.

ಸುರುಳಿ ಮುಗಿದು, ಬಾಲ ಟಕಟಕ ಬಡಿಯುತ್ತಿದ್ದರೂ
ಅಪ್ಪ ಯಂತ್ರ ನಿಲ್ಲಿಸಲಿಲ್ಲ.