ಷರಾ

ಗೋಕುಲ ರೋಡಿನ ಆಫೀಸು, ನಾಲ್ಕನೇ ಮಹಡಿ.
ಪುಣೆಯಿಂದ ಬಂದ ನಿಂಬಾಳ್ಕರ್ ಪರದೆಯ ಮೇಲೆ
ತಿಜೋರಿಯ ಚಿತ್ರ ಹಾಕಿ ಹೇಳಿದ:
ಗೋದಾಮು ಆಸ್ತಿ, ಲಾರಿ ಆಸ್ತಿ, ಒಪ್ಪಿದೆ.
ನಿಮ್ಮ ದೊಡ್ಡ ಆಸ್ತಿ ಬೀದಿಗೆ ಬಿದ್ದಿದೆ. ಅದು ಡೇಟಾ.
ಆಸ್ತಿಯೆಂದ ಮೇಲೆ ಒಡೆಯ ಬೇಕು,
ಒಂದೊಂದು ಕಾಲಮ್ಮಿಗೆ ಒಬ್ಬೊಬ್ಬ. ಕೈ ಎತ್ತಿ.

ಖರೀದಿ ದರಕ್ಕೆ ಮೂರು ಕೈ ಎದ್ದವು.
ಗಿರಾಕಿಯ ಹೆಸರು ನಮ್ಮದೆಂದು
ಮಾರಾಟದವರೂ ವಸೂಲಿಯವರೂ ಜಗಳಕ್ಕೆ ನಿಂತರು.
ತೇವಾಂಶಕ್ಕೆ ಲ್ಯಾಬಿನ ಹುಡುಗಿ ಅರ್ಧ ಕೈ ಎತ್ತಿದಳು.
ಷರಾ ಕಾಲಂ ಬಂದಾಗ
ಎಲ್ಲರೂ ಅವರವರ ಚಹಾದ ಕಪ್ಪು ನೋಡಿಕೊಂಡರು.
ಕೂದಲು ಸರಿಮಾಡಿಕೊಳ್ಳಲು ನಾನು ಕೈ ಎತ್ತಿದೆ.
ಅಷ್ಟೇ ಸಾಕಾಯಿತು.

ಹಾಗೆ ಒಡತಿಯಾದೆ,
ಹತ್ತೊಂಬತ್ತು ವರ್ಷ, ಇಪ್ಪತ್ಮೂರು ಗೋದಾಮು,
ಮೂರು ಲಕ್ಷ ಸಾಲುಗಳ ಒಂದು ಹಿತ್ತಲಿಗೆ.
ಚೀಲ ಹರಿದಿದೆ. ಇಲಿ. ಸರಿ. ಸರಿ ಇದೆ.
ಯಾರದೋ ಫೋನ್ ನಂಬರು, ಒಂದು ಅಂಕಿ ಕಡಿಮೆ.
ನಾಳೆ ಬರುತ್ತೇನೆಂದ, ಬರಲಿಲ್ಲ.
ಮಗಳ ಮದುವೆ, ಮುಂಗಡ ಕೊಟ್ಟಿದೆ.
ಬ್ಯಾಡಗಿಯ ಸಾಲುಗಳಲ್ಲಿ ಮಾತ್ರ
ಮು.ನೋ.
ನಲವತ್ತೊಂದು ಸಾವಿರ ಸಲ ಮು.ನೋ.

ಅರ್ಥವಿಲ್ಲದ ಮೌಲ್ಯ, ಅಳಿಸಲೆ? ಎಂದಿತು ಯಂತ್ರ.
ಅಳಿಸಿಬಿಡ್ರಿ, ಇಟ್ಟ ಜಾಗಕ್ಕೂ ಬಾಡಿಗಿ ಕಟ್ತೀವಿ,
ಎಂದರು ಇನಾಮದಾರ ಸರ್.
ಮುಂಗಡದ ನೋಟೆ? ಮುನ್ನೋಟವೆ? ಮುಸ್ಸಂಜೆ ನೋಂದಣಿಯೆ?
ಪದಕೋಶದ ಹಾಳೆಯಲ್ಲಿ ಅರ್ಥ ಎಂಬ ಚೌಕ ಖಾಲಿ,
ಮೂಲ ಎಂಬ ಚೌಕ ಖಾಲಿ.

ಒಂದು ಸಂಜೆ, ಬಸ್ಸು ತಪ್ಪಿದ್ದಕ್ಕೆ,
ಬೂಷ್ಟು ಹಿಡಿದ ಸರಕಿನ ಪಟ್ಟಿಯನ್ನು ಅದರ ಪಕ್ಕ ಇಟ್ಟೆ.
ಮು.ನೋ. ಇದ್ದ ಕಡೆ ಬೂಷ್ಟು ಇಲ್ಲ,
ಇದ್ದರೂ ಸಾವಿರಕ್ಕೆ ಒಂದೋ ಎರಡೋ ಚೀಲ.
ಇನ್ನೊಮ್ಮೆ ಎಣಿಸಿದೆ. ಅಷ್ಟೇ.
ಒಂದು ಮಾರ್ಚ್ ಮೂವತ್ತೊಂದಕ್ಕೆ ಆ ಎರಡಕ್ಷರ ನಿಂತಿದ್ದವು.
ಆ ದಿನ ನಿವೃತ್ತರಾದವರು ಒಬ್ಬರೇ.

ಮೋಟೆಬೆನ್ನೂರಿನಲ್ಲಿ ಇಳಿದು ಟಂಟಂ ಹತ್ತಿದೆ.
ಊರಿಗಿಂತ ಮೊದಲು ಸೀನು ಬಂತು.
ಮಕ್ತುಂಸಾಬ ಬಂಕಾಪುರ, ತೂಕದ ಗುಮಾಸ್ತರಾಗಿದ್ದವರು,
ಮೊಮ್ಮಗಳ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು.

ಅದಾ? ಮುರದು ನೋಡೇನಿ ಅಂತ ಬರದಿದ್ದು.
ಮಷಿನ್ ಹತ್ತು ಅಂದ್ರ ಹತ್ತೇನು?
ಮ್ಯಾಲಿನ ಕಾಯಿ ಎಲ್ಲಾರೂ ಒಣಗಸ್ತಾರ.
ಚೀಲದ ತಳಕ್ಕ ಕೈ ಹಾಕಿ ಒಂದು ತಗೀಬೇಕು,
ಕಿವಿ ಹತ್ರ ಹಿಡದು ಮುರೀಬೇಕು.
ಕಟ್ ಅಂದ್ರ ಒಳಗ. ಬಾಗಿದ್ರ ಹೊಳ್ಳಿ ಮನಿಗೆ.
ಇದನ್ನ ಬರಿಲಿಕ್ಕೆ ನಿಮ್ಮ ಕಂಪ್ಯೂಟರಿನ್ಯಾಗ ಜಾಗ ಇರಲಿಲ್ಲ.
ಷರಾ ಒಂದ ಖಾಲಿ ಇತ್ತು.

ಇಷ್ಟು ವರ್ಷ ಯಾರೂ ಕೇಳಲಿಲ್ಲವೆ?
ಎಣ್ಣೆಯ ಕೈ ಒರೆಸಿಕೊಂಡು ನಕ್ಕರು.
ಬಲಗಿವಿ ಈಗ ಮಂದವಂತೆ,
ಅದೇ ಕಿವಿ.

ನಿಂಬಾಳ್ಕರ್ ಬಂಗಾರ ಬಂಗಾರ ಎಂದು ಮೇಜು ಗುದ್ದಿದ.
ಮುಂದಿನ ಸಭೆಗೆ ಅದಕ್ಕೊಂದು ಬೆಲೆ ಬಂದಿತ್ತು,
ಲಕ್ಷಗಳಲ್ಲಿ, ದಶಾಂಶ ಸಹಿತ.
ಹೊಸ ಗೋದಾಮುಗಳಲ್ಲಿ ಮುರಿಯಲು
ದಿನಗೂಲಿಯ ನಾಲ್ಕು ಹುಡುಗರನ್ನು ತೆಗೆದುಕೊಳ್ಳಬೇಕೆ, ಬೇಡವೆ,
ಚರ್ಚೆ ಮುಂದಕ್ಕೆ ಹೋಯಿತು.

ನಾನು ಪದಕೋಶ ತುಂಬಿದೆ.
ಅರ್ಥ: ಕೈಯಿಂದ ಮುರಿದು ಪರೀಕ್ಷಿಸಿದ್ದು.
ಮೂಲ: ಬ್ಯಾಡಗಿ.
ಒಡೆಯರು, ಕೆಂಪು ನಕ್ಷತ್ರ, ಬಿಡುವಂತಿಲ್ಲ:
ಮಕ್ತುಂಸಾಬ ಬಂಕಾಪುರ.
ಈ ಉದ್ಯೋಗಿ ಸಕ್ರಿಯವಾಗಿಲ್ಲ.
ಮತ್ತೆ ಬರೆದೆ. ಸಕ್ರಿಯವಾಗಿಲ್ಲ.
ನನ್ನ ಸಂಖ್ಯೆ ಹಾಕಿದೆ. ತಕ್ಷಣ ಹಸಿರು ಟಿಕ್ಕು.
ಯಾರದೋ ಹೊಲದಲ್ಲಿ ನನ್ನ ಹೆಸರಿನ ಕಲ್ಲು ನೆಟ್ಟ ಹಾಗೆ.

ಆ ಫಾರ್ಮಿನ ಅಡಿಯಲ್ಲೂ ಒಂದು ಷರಾ ಇತ್ತು,
ಯಾರೂ ತುಂಬದ್ದು.
ತುಸು ಹೊತ್ತು ಕೂತು, ಬರೆದೆ:

ಕೇ.ನೋ.